ಐವತ್ತು ನಿಮಿಷದ ದೂರ

"ಐವತ್ತು ಅನ್ನೋದು ದೂರ ಅಲ್ಲ ಕಣೋ, ಹೊತ್ತು! ದೂರ ನೂರ ಎಂಬತ್ತು ಕಿಲೋಮೀಟರು. ತಲೇಲಿ ಮಣ್ಣು ತುಂಬಿದೆಯಾ?"

ಅಕ್ಕ ಕೂಗಿದ್ದು ಹೊರಗೆ ಬೆಂಚಿನ ಮೇಲಿದ್ದ ಐದೂ ಪ್ರಯಾಣಿಕರಿಗೆ ಕೇಳಿಸಿತು. ಅವಳ ತಮ್ಮ ಕಾಲಿನಿಂದಲೇ ಬಾಗಿಲು ನೂಕಿ ಮುಚ್ಚಿದ. ಅವಳು ಆ ಸಣ್ಣ ವಿಮಾನ ನಿಲ್ದಾಣದ ವೈರ್‌ಲೆಸ್ ಕೋಣೆ ನೋಡಿಕೊಳ್ಳುವವಳು. ಅವನು ಅಲ್ಲಿಂದ ಹಾರುವ ಒಂದೇ ಒಂದು ವಿಮಾನದ ಪೈಲಟ್.

ಗುಡ್ಡಗಳಾಚೆಯ ಇನ್ನೊಂದು ನಿಲ್ದಾಣವನ್ನು ಅದರ ಹೆಸರಿನಿಂದ ಕರೆಯುವುದನ್ನೇ ಜನ ಬಿಟ್ಟಿದ್ದರು. 'ಐವತ್ತಕ್ಕೆ ಹೋಗಿದ್ದೆ', 'ಐವತ್ತರಿಂದ ನಾದಿನಿ ಬಂದಿದ್ದಾಳೆ' ಎನ್ನುತ್ತಿದ್ದರು. ಪೆಟ್ರೋಲು ಹಾಕುವವನೂ ಅಷ್ಟೇ. ಐವತ್ತು ನಿಮಿಷಕ್ಕಾಗುವಷ್ಟು, ಮೇಲೆ ಮೂವತ್ತು ನಿಮಿಷದ್ದು. ಗಾಳಿ ಯಾವ ಕಡೆಯದು ಎಂದು ಕೇಳುವ ಅಭ್ಯಾಸ ಯಾರಿಗೂ ಇರಲಿಲ್ಲ.

"ಎದುರುಗಾಳಿ ಗಂಟೆಗೆ ತೊಂಬತ್ತು ಕಿಲೋಮೀಟರಿದೆ. ಲೆಕ್ಕ ಹಾಕಿದೀನಿ, ಎಂಬತ್ತಾರು ನಿಮಿಷ ಬೇಕು. ನಿನ್ನ ಹತ್ರ ಇರೋದು ಎಂಬತ್ತರದ್ದು. ಉಳಿದ ಆರು ನಿಮಿಷ ಕೈ ಬಡಕೊಂಡು ಹಾರ್ತೀಯಾ?"

"ಪೆಟ್ರೋಲ್ ಜಾಸ್ತಿ ಹಾಕಿದ್ರೆ ಭಾರ ಆಗುತ್ತೆ, ಒಬ್ಬರನ್ನ ಇಳಿಸ್ಬೇಕು. ಯಾರನ್ನ ಇಳಿಸ್ಲಿ? ಆ ಬಸುರೀನಾ? ಅವಳ ತಾಯೀನಾ? ಬಾ, ನೀನೇ ಹೇಳು."

ಅವನು ಹಾರಾಟದ ಅನುಮತಿ ಕಾಗದವನ್ನು ಅವಳ ಮುಂದೆ ತಳ್ಳಿದ.

"ಕೆಳಗೇ ಹಾರಿದ್ರೆ ಗಾಳಿ ಅಷ್ಟಿರಲ್ಲಕ್ಕ. ಈ ಕುರ್ಚಿ ಬಿಟ್ಟು ಮೇಲೆ ಎದ್ದವಳಲ್ಲ ನೀನು, ನನಗೆ ಹಾರೋದು ಕಲಿಸ್ತೀಯಾ? ಸೀಲ್ ಒತ್ತು."

ಆ ಮಾತಿಗೆ ಅವಳಿಗೆ ಮೈಯೆಲ್ಲ ಉರಿದುಹೋಯಿತು. ಸೀಲು ಎತ್ತಿ ಕಾಗದದ ಮೇಲೆ ಕುಕ್ಕಿದಳು. "ಹೋಗು, ಹಾಳಾಗಿ ಹೋಗು!"

ಅವನು ನಗುತ್ತಲೇ ಹೊರಟ.

ದಿನವೂ ಇಪ್ಪತ್ತನೆಯ ನಿಮಿಷಕ್ಕೆ ವಿಮಾನ ಗುಡ್ಡದ ಮರೆಗೆ ಹೋಗಿ ಅವನ ಧ್ವನಿ ಕಡಿದುಹೋಗುತ್ತಿತ್ತು. ಇವತ್ತು ಇಪ್ಪತ್ತೈದಾದರೂ ಕೇಳಿಸುತ್ತಲೇ ಇತ್ತು. ಮೂವತ್ತಾಯಿತು. ಅವಳು ಮೈಕು ಹತ್ತಿರಕ್ಕೆ ಎಳೆದುಕೊಂಡಳು.

"ನಿಧಾನ ಹೋಗ್ತಿದೀಯ ಕಣೋ. ತಿರುಗಿಸು. ನಿನ್ನ ಕಾಲಿಗೆ ಬೀಳ್ತೀನಿ, ವಾಪಸ್ ಬಾ."

"ಅರ್ಧ ದಾರಿ ಆಗ್ತಾ ಬಂತಲ್ಲಕ್ಕ, ಇನ್ನೇನು..." ಅಷ್ಟೇ. ಆಮೇಲೆ ಬರೀ ಗೊರಗೊರ. ಗಡಿಯಾರ ಮೂವತ್ತನಾಲ್ಕು ನಿಮಿಷ ತೋರಿಸುತ್ತಿತ್ತು.

ಎಪ್ಪತ್ತೆಂಟನೆಯ ನಿಮಿಷಕ್ಕೆ ತಡೆಯಲಾರದೆ ಆಚೆಯ ನಿಲ್ದಾಣಕ್ಕೆ ಫೋನು ಹಚ್ಚಿದಳು. ಅಲ್ಲಿನ ಮುದಿ ಕಾವಲುಗಾರ ಎತ್ತಿದ.

"ಇನ್ನೂ ಬಂದಿಲ್ಲ ತಾಯೀ. ಹೊರಟು ಐವತ್ತು ಆಯ್ತಾ?"

"ಆಗಿ ಎಷ್ಟೋ ಹೊತ್ತಾಯ್ತು ಯಜಮಾನರೇ. ಆಕಾಶದಲ್ಲಿ ಏನಾದ್ರೂ ಕಾಣಿಸ್ತಿದೆಯಾ?"

"ಮೋಡ, ಧೂಳು... ತಡೀರಿ, ಏನೋ ಸದ್ದಾಯ್ತು. ನೋಡ್ಕೊಂಡು ಬಂದೆ. ಫೋನ್ ಇಡಬೇಡಿ."

ರಿಸೀವರನ್ನು ಮೇಜಿನ ಮೇಲಿಟ್ಟ ಸದ್ದು ಕೇಳಿಸಿತು. ಚಪ್ಪಲಿ ಎಳೆದುಕೊಂಡು ನಡೆದ ಸದ್ದು. ಬಾಗಿಲು ತೆರೆದದ್ದು. ಆಮೇಲೆ ಓಡಿದ ಹಾಗೆ ಎರಡು ಹೆಜ್ಜೆ.

ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದು ನಿಂತಳು. ಎಂಬತ್ತು ಕಳೆಯಿತು, ಎಂಬತ್ತಾರು ಕಳೆಯಿತು, ತೊಂಬತ್ತೂ ಕಳೆಯಿತು. ಮುದುಕ ಬರಲಿಲ್ಲ. ಆ ಕಡೆ ತೆರೆದಿಟ್ಟು ಹೋದ ಬಾಗಿಲು ಗಾಳಿಗೆ ಗೋಡೆಗೆ ಬಡಿಯುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬಡಿಯುತ್ತಿತ್ತು.