ಸಂಘದ ಹನ್ನೊಂದು ಹಾಳೆಗಳಲ್ಲೂ ಒಂದೇ ಉತ್ತರ

ಪಂಜದಿಂದ ಬಂದ ಮೀನಿನ ಗಾಡಿಯಲ್ಲಿ ಕೊಂಡ ಬಂಗುಡೆಯನ್ನು ಬೆಳಿಗ್ಗೆ ಕೊಯ್ಯುತ್ತ ಕುಳಿತಿದ್ದೆ. ಅಂಗಳದಲ್ಲಿ ಆಶಾ ಕಾರ್ಯಕರ್ತೆ ಗಾನಶ್ರೀಯ ಸ್ವರ ಕೇಳಿತು.

"ರಸೀನಾ, ಕೈ ತೊಳೆದು ಬಾ ಮಾರಾಯ್ತಿ. ನಿಮ್ಮ ಸಂಘದ್ದು ಒಂದು ತಮಾಷೆ ಉಂಟು."

ಅವಳ ಕೈಯಲ್ಲಿ ಹನ್ನೊಂದು ಹಾಳೆಗಳಿದ್ದವು. ಭಾನುವಾರ ಸ್ವಸಹಾಯ ಸಂಘದ ಸಭೆಯಲ್ಲಿ ನಾವು ತುಂಬಿದ್ದವು. ಕಳೆದ ಎರಡು ವಾರ ನಿದ್ದೆ ಬಂತೇ, ಅಳು ಬಂತೇ, ಪ್ರಾರ್ಥನೆಯಲ್ಲಿ ನೆಮ್ಮದಿ ಸಿಕ್ಕಿತೇ ಎಂದೆಲ್ಲ ಪ್ರಶ್ನೆಗಳು. ನಮ್ಮ ಮನಸ್ಸಿನ ಸ್ಥಿತಿಯನ್ನು ನಾವೇ ಗುರುತು ಹಾಕಿ ತಿಳಿಸಬೇಕು.

"ಹನ್ನೊಂದು ಜನರಿಗೂ ಒಂದೇ ಮನಸ್ಸಾ? ಒಂದು ಗುರುತಾದರೂ ಆಚೀಚೆ ಆಗುದು ಬೇಡವಾ?"

ನೆರೆಮನೆಯ ರುಖಿಯಮ್ಮ ಬೇಲಿಯ ಆಚೆಯಿಂದಲೇ ಹೇಳಿದರು, "ಎಂತ ಮಾಡುದು? ಕನ್ನಡಕ ಮನೆಯಲ್ಲಿ ಉಳಿದಿತ್ತು. ರಸೀನಾ ಹತ್ತನೇ ಪಾಸು ಅಲ್ವಾ? ಎಲ್ಲರೂ ಅವಳದ್ದು ನೋಡಿಯೇ ಹಾಕಿದ್ದು."

ನಾನು ತಲೆ ಎತ್ತಲಿಲ್ಲ. ಎಲ್ಲರೂ ನೋಡಿ ಬರೆದ ಆ ಹಾಳೆಯಲ್ಲಿ ನಾನು ಬರೆದದ್ದೇ ಸುಳ್ಳು.

ಮೂರು ತಿಂಗಳ ಹಿಂದೆ ನನ್ನ ಹೊಟ್ಟೆಯಲ್ಲಿದ್ದ ಮಗು ಹೋಯಿತು. ಅಂದಿನಿಂದ ನಮಾಝಿಗೆ ನಿಂತರೂ ಮನಸ್ಸು ನಿಲ್ಲುವುದಿಲ್ಲ. ಬಟ್ಟೆ ಒಗೆಯುವಾಗ ನೀರು ಜೋರಾಗಿ ಬಿಟ್ಟು ಅಳುತ್ತೇನೆ. ಆದರೆ ಇಬ್ಬರು ಎರಡೂ ಬದಿಯಿಂದ ಇಣುಕುತ್ತಿರುವಾಗ 'ನೆಮ್ಮದಿ ಇಲ್ಲ' ಎಂದು ಹೇಗೆ ಗುರುತು ಹಾಕುವುದು? ದೇವರಲ್ಲಿ ಈಮಾನ್ ಇಲ್ಲದವಳು ಎಂದುಕೊಂಡರೆ?

"ಇದ್ದದ್ದು ಬರೆದರೆ ತಲೆ ಸರಿ ಇಲ್ಲ ಅಂತಾರೆ," ಎಂದರು ರುಖಿಯಮ್ಮ. "ನಾಳೆ ಇವಳ ಮಗಳು ಆಫ್ರಾಗೆ ಗಂಡು ಬರುದು ಬೇಡವಾ?"

"ಅವಳಿನ್ನೂ ಮೂರನೇ ಕ್ಲಾಸು! ನಿಮಗೆ ಈಗಲೇ ಮದುವೆ ಬಿರಿಯಾನಿಯ ಆಸೆಯಾ?" ಎಂದಳು ಗಾನಶ್ರೀ.

ರುಖಿಯಮ್ಮ ನಕ್ಕರು. ಗಾನಶ್ರೀ ಬಂದು ನನ್ನ ಪಕ್ಕದಲ್ಲಿ ಕುಳಿತಳು.

"ಜ್ವರ ಎಷ್ಟು ಉಂಟು ಅಂತ ಥರ್ಮಾಮೀಟರ್ ಇಟ್ಟು ನೋಡುದಿಲ್ವಾ? ಇದು ಕೂಡ ಹಾಗೆಯೇ. ಹುಚ್ಚು ಅಂತ ಬರೆಯುವ ಕಾಗದ ಅಲ್ಲ. ಯಾರೊಟ್ಟಿಗೆ ಕೂತು ಮಾತಾಡಬೇಕು ಅಂತ ಗೊತ್ತಾಗ್ಲಿಕ್ಕೆ. ಎಲ್ಲರನ್ನೂ ಒಟ್ಟಿಗೆ ಕೂರಿಸಿ ಬರೆಸಿದ್ದು ನನ್ನದೇ ತಪ್ಪು. ಈಗ ಒಬ್ಬೊಬ್ಬರೇ ಬರೆದು ಕವರಲ್ಲಿ ಹಾಕಿ ಕೊಡಿ. ಆಸ್ಪತ್ರೆಯ ಸಿಸ್ಟರ್ ಬಿಟ್ಟರೆ ಬೇರೆ ಯಾರೂ ನೋಡುದಿಲ್ಲ. ಓದ್ಲಿಕ್ಕೆ ಆಗದವರಿಗೆ ಅವರೇ ಒಳಗೆ ಕೂತು ಓದಿ ಹೇಳ್ತಾರೆ."

ರುಖಿಯಮ್ಮ ಬೇಲಿಯ ಮೇಲಿಂದ ಕೈ ಚಾಚಿದರು. "ನನಗೂ ಒಂದು ಕೊಡು. ನಿದ್ದೆ ಬಾರದೆ ಎಷ್ಟು ದಿನ ಆಯ್ತೋ," ಎಂದರು.

ನಾನು ಹೊಸ ಹಾಳೆ ಹಿಡಿದು ಒಳಗೆ ಹೋದೆ. ಅಳು: ದಿನವೂ. ನೆಮ್ಮದಿ: ಇಲ್ಲ. ಬರೆಯುವಾಗಲೂ ನಾಚಿಕೆಯಾಯಿತು. ಆದರೂ ಬರೆದೆ.

ಅಕ್ಕಂದಿರೇ, ತಂಗಿಯರೇ, ಅಂಥ ಹಾಳೆ ನಿಮ್ಮ ಕೈಗೂ ಬರಬಹುದು. ಪಕ್ಕದವರದ್ದು ನೋಡಬೇಡಿ, ಪಕ್ಕದವರಿಗೆ ಹೆದರಿಯೂ ಬರೆಯಬೇಡಿ. ಅರ್ಥವಾಗದಿದ್ದರೆ ಕೇಳಿ. ಇದ್ದದ್ದನ್ನೇ ಗುರುತು ಹಾಕಿ. ಹಾಳೆ ಬರುವ ತನಕ ಕಾಯಲಾಗದಷ್ಟು ಮನಸ್ಸು ಭಾರವಾದರೆ ಸರಕಾರದ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. ನನ್ನ ಹಾಗೆ ತಡ ಮಾಡಬೇಡಿ. ನನ್ನ ದುಃಖ ಮನೆಯಲ್ಲಿ ಯಾರಿಗೂ ಗೊತ್ತಿಲ್ಲವೆಂದೇ ನಾನು ತಿಳಿದಿದ್ದೆ.

ಹಾಳೆಯನ್ನು ಕವರಿಗೆ ಹಾಕುವಾಗ ಆಫ್ರಾ ಬಾಗಿಲಲ್ಲಿ ನಿಂತಿದ್ದಳು. ಎಷ್ಟೋ ದಿನಗಳಿಂದ ಹೀಗೆ ಹತ್ತಿರ ಬಂದು, ಏನೋ ಕೇಳಲು ಹೊರಟು, ಸುಮ್ಮನೆ ಹಿಂದೆ ಹೋಗುತ್ತಿದ್ದವಳು. ಆ ದಿನ ಕೇಳಿಯೇಬಿಟ್ಟಳು.

"ಉಮ್ಮಾ, ದಿನಾ ಅಳುದು ಎಂತಕ್ಕೆ? ನಾನು ಎಂತಾದ್ರೂ ತಪ್ಪು ಮಾಡಿದ್ದೇನಾ?"