ಬೀಳುವ ಅಭ್ಯಾಸ

“ಬೀಳಿ ಮಾವ,” ಅಂದಳು ಸೊಸೆ.

ಅವಳು ಎದೆಮಟ್ಟದ ನೀರಿನಲ್ಲಿ ನಿಂತು ಕಯಾಕ್ ದೋಣಿಯ ಮೂತಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡಿದ್ದಳು. ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟಿನೊಳಗೆ ಆಮೆಯ ಹಾಗೆ ಕತ್ತು ಎಳೆದುಕೊಂಡು ಕೂತಿದ್ದ ಡ್ರೈವರು ಅವಳ ಕಡೆ ನೋಡಲಿಲ್ಲ. ದಡದ ಕಡೆ ತಿರುಗಿ, ಮಡಚುವ ಕುರ್ಚಿಯಲ್ಲಿ ಕೂತಿದ್ದ ಹೆಂಡತಿಗೆ ಹೇಳಿದರು: “ಒಂದು ನಿಮಿಷ ತಡಿ ಅಂತ ಹೇಳೇ ಅವಳಿಗೆ.”

“ಒಂದು ನಿಮಿಷ ತಡೀಬೇಕಂತೆ ಕಣೇ,” ಎಂದು ಹೆಂಡತಿ ಕೂಗಿದಳು.

“ಹತ್ತು ನಿಮಿಷ ಬೇಕಾದ್ರೂ ತಗೊಳ್ಳಲಿ ಅತ್ತೆ. ಬೀಳೋದಂತೂ ತಪ್ಪಲ್ಲ.”

“ಹತ್ತು ನಿಮಿಷ ಬೇಕಾದ್ರೂ—”

“ಕೇಳಿಸ್ತು,” ಅಂದರು ಡ್ರೈವರು.

ಬದುಕಿಡೀ ಬಸ್ಸು ಓಡಿಸಿ ನಿವೃತ್ತರಾದ ಮನುಷ್ಯ. ದೊಡ್ಡ ಸ್ಟೇರಿಂಗು ತಿರುಗಿಸಿ ತಿರುಗಿಸಿ ಬಲ ಭುಜ ಸವೆದುಹೋಗಿತ್ತು. ಅಂಗಿ ಹಾಕಿಕೊಳ್ಳುವಾಗ ಹೆಂಡತಿ ತೋಳು ಹಿಡಿಯಬೇಕು. ಕೆರೆಯ ದಡದಲ್ಲಿ ಗಾಳ ಹಾಕಿ ಕೂರುವುದೊಂದೇ ಅವರಿಗೆ ಉಳಿದಿದ್ದ ಹುಚ್ಚು. ದಡಕ್ಕೆ ಬರುವುದೆಲ್ಲ ಬೆರಳುದ್ದದ ಮೀನು. ದೊಡ್ಡವು ಯಾವಾಗಲೂ ನಡುಕೆರೆಯಲ್ಲೇ ನೆಗೆದು, ‘ಬಾ ನೋಡೋಣ’ ಅನ್ನುವ ಹಾಗೆ ಬಾಲ ಬಡಿದು ಮುಳುಗುತ್ತಿದ್ದವು. ದೋಣಿ ಇಟ್ಟುಕೊಳ್ಳೋಣವೆಂದರೆ ಹುಟ್ಟು ಹಾಕುವುದಕ್ಕೆ ಭುಜವಿಲ್ಲ. ಹೀಗಿರುವಾಗ, ಕೈ ಆಡಿಸದೆ ಕಾಲಿನಿಂದ ಪೆಡಲ್ ತುಳಿದು ನಡೆಸುವ ಮೀನು ಹಿಡಿಯುವ ಕಯಾಕ್ ಒಂದಿದೆ ಎಂದು ಫೋನಿನಲ್ಲಿ ನೋಡಿದ್ದೇ ತಡ, ಯಾರನ್ನೂ ಕೇಳದೆ ತರಿಸಿಬಿಟ್ಟರು. ಅದು ಬಂದು, ಎಲ್ಲೂ ಹಿಡಿಸದೆ, ನಡುಮನೆಯಲ್ಲಿ ಸೋಫಾದ ಪಕ್ಕ ನೆಂಟರ ಹಾಗೆ ಮಲಗಿತು.

ಹೆಂಡತಿ ಅದನ್ನು ಎರಡು ದಿನ ದಾಟಿಕೊಂಡು ಓಡಾಡಿದಳು. ಮೂರನೆಯ ದಿನ ಗಾಳದ ಕೋಲುಗಳನ್ನೆಲ್ಲ ಕಪಾಟಿನೊಳಗಿಟ್ಟು ಬೀಗ ಹಾಕಿದಳು. “ನಂಗೆ ಈಜು ಬರುತ್ತೆ ಅಂತ ಹೇಳ್ಬೇಡಿ. ಅದು ನೀವು ಹುಡುಗ್ರಾಗಿದ್ದಾಗಿನ ಮಾತು. ದೋಣಿ ಮಗುಚಿದ್ರೆ ಮತ್ತೆ ಹತ್ತೋಕಾಗುತ್ತಾ? ಮೊದಲು ಬಿದ್ದು, ಎದ್ದು ತೋರಿಸಿ. ಆಮೇಲೆ ಗಾಳ.” ಮೇಷ್ಟ್ರನ್ನೂ ಅವಳೇ ಗೊತ್ತು ಮಾಡಿದಳು. ಸೊಸೆ ಈಜುಕೊಳದಲ್ಲಿ ಕೋಚ್.

ಎಡವಟ್ಟು ಇದ್ದದ್ದು ಅಲ್ಲೇ. ಮಗ ಮೊದಲ ಸಲ ಅವಳನ್ನು ಮನೆಗೆ ಕರೆತಂದ ದಿನ, ಏನು ಕೆಲಸ ಎಂದು ಕೇಳಿ ತಿಳಿದ ಡ್ರೈವರು, “ನೀರಲ್ಲಿ ಆಟ ಆಡೋದಕ್ಕೂ ಸಂಬಳ ಕೊಡ್ತಾರಾ?” ಎಂದು ತಮಾಷೆ ಮಾಡಿದ್ದರು. “ಕೂತ್ಕೊಂಡು ಚಕ್ರ ತಿರುಗಿಸೋದಕ್ಕೇ ಕೊಡ್ತಾರಂತಲ್ಲ,” ಎಂದು ಅವಳೂ ನಗುತ್ತಲೇ ಅಂದಿದ್ದಳು. ಎಲ್ಲರೂ ನಕ್ಕರು, ಡ್ರೈವರೂ ನಕ್ಕರು. ಆದರೆ ಆಮೇಲೆ ಅವರು ಅವಳೊಡನೆ ನೇರವಾಗಿ ಮಾತಾಡಿದ್ದಿಲ್ಲ. ಅದನ್ನು ಜಗಳ ಅನ್ನುವಂತಿರಲಿಲ್ಲ. ಅವಳಿಗೆ ಜ್ವರ ಬಂದಾಗ ಮಾತ್ರೆ ತಂದವರೇ ಅವರು. ತಂದು ಹೆಂಡತಿಯ ಕೈಗೆ ಕೊಟ್ಟು, “ಅವಳಿಗೆ ಕೊಡು,” ಅಂದಿದ್ದರು, ಅವಳು ಎದುರಿಗೇ ಮಲಗಿದ್ದಾಗ. ಊಟಕ್ಕೆ ಕೂತಾಗ “ಉಪ್ಪು ಈ ಕಡೆ ಕೊಡೋಕೆ ಹೇಳೇ ಅವಳಿಗೆ,” ಅನ್ನುವರು. ಹೆಂಡತಿ ಬಾಯಿ ತೆರೆಯುವಷ್ಟರಲ್ಲಿ ಸೊಸೆ ಉಪ್ಪನ್ನು ದಾಟಿಸಿರುತ್ತಿದ್ದಳು. ಮೊಮ್ಮಗಳು ಹುಟ್ಟಿ, ಮಾತು ಕಲಿತು, ಮಾತು ಹೆಚ್ಚಾಗಿ ಬೈಸಿಕೊಳ್ಳುವ ವಯಸ್ಸಿಗೆ ಬಂದರೂ ಈ ಕ್ರಮ ಬದಲಾಗಿರಲಿಲ್ಲ.

“ಮಾವ, ಬಲಗಡೆ ವಾಲಿ. ಪೂರ್ತಿ ವಾಲಿ. ಅಷ್ಟೇ.”

ಡ್ರೈವರು ಉಸಿರು ಹಿಡಿದು ವಾಲಿದರು. ದೋಣಿ ಅವರಿಗಿಂತ ಮರ್ಯಾದಸ್ಥ. ಎಷ್ಟು ವಾಲಿದರೂ ಒಪ್ಪಲಿಲ್ಲ, ಕೊನೆಗೆ ಒಂದೇ ಸಲಕ್ಕೆ ಕವುಚಿಕೊಂಡಿತು. ತಣ್ಣನೆಯ ನೀರು ಕಿವಿ ಮೂಗಿಗೆಲ್ಲ ನುಗ್ಗಿ, ಜಾಕೆಟ್ಟು ಅವರನ್ನು ಕಂಕುಳಿಗೆ ಕೈ ಕೊಟ್ಟು ಎತ್ತಿದ ಹಾಗೆ ಮೇಲೆ ತಂದಿತು. ಕೆಮ್ಮಿದರು, ಉಗುಳಿದರು. ಸೊಸೆ ಪಕ್ಕದಲ್ಲೇ ಇದ್ದಳು, ಆದರೆ ಮುಟ್ಟಲಿಲ್ಲ.

“ಚೆನ್ನಾಗಿ ಬಿದ್ರಿ. ಈಗ ದೋಣಿ ಮತ್ತೆ ನೆಟ್ಟಗೆ ಮಗುಚಿ. ಹತ್ತೋದು ಸುಲಭ. ಮೊದಲು ಹೊಟ್ಟೆ, ಆಮೇಲೆ... ಆಮೇಲೆ ಸೊಂಟದ ಹಿಂಭಾಗ, ಆಮೇಲೆ ಕಾಲು.”

“ಕುಂಡಿ ಅನ್ನೇ,” ಎಂದು ದಡದಿಂದ ಅತ್ತೆ ಕೂಗಿದಳು. “ಅವ್ರಿಗೆ ಅದೇ ಅರ್ಥ ಆಗೋದು!”

ಕಾಲಿಗೆ ನೆಲ ಸಿಗುವ ಜಾಗವಾದ್ದರಿಂದ ಆ ಸಲ ಅವರು ಕುಪ್ಪಳಿಸಿ ಹತ್ತಿಬಿಟ್ಟರು. ಹೊಟ್ಟೆ, ಕುಂಡಿ, ಕಾಲು. ಕೂತ ಮೇಲೆ ಹೆಂಡತಿಯ ಕಡೆ ಗೆದ್ದವರ ಹಾಗೆ ನೋಡಿದರು. “ಆಯ್ತಲ್ಲ? ಬೀಗದ ಕೈ ತಾ.”

“ಇಲ್ಲಿ ಮೇಕೆ ಬಿದ್ರೂ ಹತ್ತುತ್ತೆ,” ಅಂದಳು ಸೊಸೆ. “ಆಳದಲ್ಲಿ ಬೀಳ್ಬೇಕು ಮಾವ.”

ಅವರು ತುಳಿದುಕೊಂಡು ಮುಂದೆ ಹೋದರು. ಸೊಸೆ ಹೊಟ್ಟೆಯ ಕೆಳಗೊಂದು, ಮುಳುಗುವವರಿಗೆ ಎಸೆಯುವಂಥ, ಹಗ್ಗ ಕಟ್ಟಿದ ಕೆಂಪು ತೇಲುಗೊಳವೆ ಸಿಕ್ಕಿಸಿಕೊಂಡು ಪಕ್ಕದಲ್ಲೇ ಈಜುತ್ತ ಬಂದಳು. ನಿಜವಾಗಿ ಕೆರೆಯ ಮೇಲೆ ಹೋಗುವುದು ಹೇಗಿರುತ್ತದೆ ಎಂದು ಡ್ರೈವರಿಗೆ ತಿಳಿದದ್ದು ಆಗಲೇ. ಎಂಜಿನ್ನಿಲ್ಲ, ಹಾರ್ನಿಲ್ಲ, ಹತ್ತುವವರಿಲ್ಲ, ಇಳಿಯುವವರಿಲ್ಲ. ಎಡಗೈಯಲ್ಲಿ ಚುಕ್ಕಾಣಿಯ ಪುಟ್ಟ ಹಿಡಿ, ತಿರುಗಿಸಲು ಎರಡು ಬೆರಳು ಸಾಕು. ಕಾಲು ಒತ್ತಿದರೆ ಸಾಕು, ತಳದಲ್ಲಿ ರೆಕ್ಕೆಗಳು ನೀರು ಸರಿಸುವುದು ಅಂಗಾಲಿಗೇ ತಿಳಿಯುತ್ತಿತ್ತು. ನೀರುಕೋಳಿಯೊಂದು ಅಡ್ಡ ಬಂದಾಗ ಬಲಗಾಲು ತಾನಾಗಿಯೇ ಬ್ರೇಕು ಹುಡುಕಿ ಜೋರಾಗಿ ಒತ್ತಿತು. ದೋಣಿ ನಿಲ್ಲುವುದರ ಬದಲು ಮುಂದಕ್ಕೆ ಚಿಮ್ಮಿತು. ನೀರುಕೋಳಿ ಬೈಯುತ್ತ ಹಾರಿಹೋಯಿತು.

ನಡುಕೆರೆಯ ಹತ್ತಿರ ಸೊಸೆ ದೂರ ಸರಿದು ತೇಲುತ್ತ ನಿಂತಳು. “ಇಲ್ಲಿ ಬೀಳಿ. ಒಬ್ಬರೇ ಹತ್ತಿ. ಆಗದಿದ್ರೆ ಜಾಕೆಟ್ಟಲ್ಲಿರೋ ವಿಸಿಲ್ ಊದಿ, ಇಲ್ಲಾ ಕರೀರಿ. ಕರೆಯದೆ ನಾನು ಬರಲ್ಲ.”

“ವಿಸಿಲ್ ಊದೋದು ಕಂಡಕ್ಟರ್ ಕೆಲಸ,” ಎಂದು ಡ್ರೈವರು ಯಾರಿಗೂ ಅಲ್ಲದಂತೆ ಅಂದು, ವಾಲಿ ಬಿದ್ದರು.

ದೋಣಿಯನ್ನು ಮತ್ತೆ ನೆಟ್ಟಗೆ ಮಗುಚಿದ್ದಾಯಿತು. ಅಂಚು ಹಿಡಿದು, ಕಾಲು ಬಡಿದು, ಹೊಟ್ಟೆಯನ್ನು ಮೇಲೆ ತರಲು ನೋಡಿದರು. ಅರ್ಧ ಬಂದರು. ಇನ್ನರ್ಧಕ್ಕೆ ಬಲಗೈ ಎಳೆಯಬೇಕಿತ್ತು. ಭುಜದೊಳಗೆ ಯಾರೋ ಮೊಳೆ ಹೊಡೆದಂತಾಗಿ ಕೈ ಬಿಟ್ಟುಹೋಯಿತು. ಮತ್ತೆ ನೋಡಿದರು. ಈ ಸಲ ಕಾಲುಭಾಗ ಬಂದರು. ಕೆಳಗೆ ಕಾಲಿಗೆ ಏನೂ ಸಿಗುತ್ತಿರಲಿಲ್ಲ, ನೀರಿನ ಕೆಳಗೆ ಬರೀ ನೀರು. ಗಾಳಿ ದೋಣಿಯನ್ನೂ ಅವರನ್ನೂ ಒಟ್ಟಿಗೇ ದಡದ ಜೊಂಡಿನ ಕಡೆಗೆ ತಳ್ಳುತ್ತಿತ್ತು. ಇನ್ನೊಂದು ಸಲ ನೋಡಿ, ಅಂಚಿಗೆ ಗಲ್ಲ ಆನಿಸಿ ಏದುಸಿರು ಬಿಟ್ಟರು. ಜಾಕೆಟ್ಟು ಇದ್ದುದರಿಂದ ಮುಳುಗುವ ಭಯವೇನೂ ಇರಲಿಲ್ಲ. ಆದರೆ ಜೀವ ಅದನ್ನು ನಂಬುತ್ತಿರಲಿಲ್ಲ.

ಸೊಸೆ ಅಲ್ಲೇ ಇದ್ದಳು. ಕೊಳವೆಯ ಮೇಲೆ ಗದ್ದ ಊರಿ, ಕಣ್ಣು ಕದಲಿಸದೆ ನೋಡುತ್ತಿದ್ದಳು. ಬರಲಿಲ್ಲ.

ಡ್ರೈವರು ವಿಸಿಲ್ ಹುಡುಕಿ ಬಾಯಿಗಿಟ್ಟು ಊದಿದರು. ಒಳಗೆ ನೀರು ತುಂಬಿಕೊಂಡಿತ್ತು. ಬುಳಬುಳ ಅಂದಿತೇ ಹೊರತು ಸದ್ದು ಬರಲಿಲ್ಲ. ಅದನ್ನು ಕೈಬಿಟ್ಟು ದಡದ ಕಡೆ ತಿರುಗಿದರು. ದೂರದಲ್ಲಿ ಹೆಂಡತಿ ಕುರ್ಚಿಯಿಂದ ಎದ್ದು ನೀರಿನ ಅಂಚಿಗೇ ಬಂದು ನಿಂತಿದ್ದಳು. ಇದ್ದ ಉಸಿರನ್ನೆಲ್ಲ ಒಟ್ಟುಮಾಡಿ ಕೂಗಿದರು:

“ಬರೋಕೆ ಹೇಳೇ ಅವಳಿಗೆ!”

ಗಾಳಿ ಕೂಗನ್ನು ಹೊತ್ತುಕೊಂಡೇ ದಡದ ಕಡೆಗೆ ಬೀಸುತ್ತಿತ್ತು. ಹೆಂಡತಿ ಅಂಗೈಯನ್ನು ಕಿವಿಗೆ ಆನಿಸಿಕೊಂಡಳು.

“ಏನು?”

“ಅವಳಿಗೆ ಬರೋಕೆ ಹೇಳು ಅಂದೆ!”

“ಕೇಳಿಸ್ತಿಲ್ಲ ಕಣ್ರೀ!” ಎಂದು ಹೆಂಡತಿ ಕೂಗಿದಳು. ಅಷ್ಟು ಹೇಳಿ ಬೆನ್ನು ತಿರುಗಿಸಿ, ಕುರ್ಚಿಯ ಮೇಲಿದ್ದ ಟವೆಲನ್ನು ಬಿಡಿಸಿ ಮಡಚತೊಡಗಿದಳು. ಮಡಚಿದ್ದನ್ನು ಮತ್ತೆ ಬಿಡಿಸಿದಳು.

ಡ್ರೈವರು ಸೊಸೆಯನ್ನು ನೋಡಿದರು. ಒದ್ದೆ ಕೂದಲು ಹಣೆಗೆ ಅಂಟಿದ್ದ ಮುಖ. ಇಷ್ಟು ದಿನದಲ್ಲಿ ಆ ಮುಖವನ್ನು ಹೀಗೆ ನೆಟ್ಟಗೆ ನೋಡಿದ್ದು ನೆನಪಿರಲಿಲ್ಲ. ಹೆಸರು ಹಿಡಿದು ಕರೆಯೋಣವೆಂದರೆ ನಾಲಿಗೆ ಏಳಲಿಲ್ಲ. ಮಗಳೇ ಅನ್ನೋಣವೆಂದರೆ ಈಗ, ಕೆಲಸ ಬಿದ್ದಾಗ, ಅದು ಸೋಗಿನ ಹಾಗೆ ಕಂಡಿತು. ಅಷ್ಟರಲ್ಲಿ ಒಂದು ಸಣ್ಣ ಅಲೆ ಬಾಯಿಗೆ ಹೊಡೆಯಿತು.

“ಏಯ್ ಹುಡುಗೀ!” ಅಂದರು. “ಬಾರೇ ಇಲ್ಲಿ! ಆಗ್ತಿಲ್ಲ ನಂಗೆ!”

ಮಾತು ಮುಗಿಯುವ ಮೊದಲೇ ಅವಳು ಹೊರಟಿದ್ದಳು. ನಾಲ್ಕು ಕೈ ಬೀಸುವಷ್ಟರಲ್ಲಿ ಪಕ್ಕಕ್ಕೆ ಬಂದು, ಜಾಕೆಟ್ಟಿನ ಹೆಗಲಪಟ್ಟಿಯನ್ನು ಗಟ್ಟಿಯಾಗಿ ಹಿಡಿದಳು.

“ಹಿಡ್ಕೊಂಡಿದೀನಿ. ಸುಮ್ನೆ ಉಸಿರಾಡಿ. ಕೈ ಸಡಿಲ ಬಿಡಿ.”

ಅವರು ಬಿಟ್ಟರು. ಸ್ವಲ್ಪ ಹೊತ್ತು ಇಬ್ಬರೂ ಹಾಗೆಯೇ ತೇಲಿದರು.

“ನೋಡ್ತಾನೇ ಇದ್ದೆಯಲ್ಲ, ಬರಬಾರದಿತ್ತಾ?” ಅಂದರು ಡ್ರೈವರು, ಉಸಿರು ತಹಬಂದಿಗೆ ಬಂದ ಮೇಲೆ.

“ನಮ್ಮ ಕೊಳದಲ್ಲಿ ಒಬ್ರು ಲೆಕ್ಕದ ಮೇಷ್ಟ್ರಿದ್ರು ಮಾವ. ಕಾಲಿನ ನರ ಹಿಡ್ಕೊಂಡು ಮುಳುಗ್ತಾ ಇದ್ರೂ ಕರೀಲಿಲ್ಲ. ಪಕ್ಕದಲ್ಲಿ ಅವ್ರ ಸ್ಟೂಡೆಂಟ್ಸ್ ಈಜ್ತಿದ್ರಂತೆ, ನಾಚಿಕೆ. ಪುಣ್ಯಕ್ಕೆ ನಾನು ತಿರುಗಿ ನೋಡಿದೆ.” ಅವಳು ಮುಖ ಒರೆಸಿಕೊಂಡಳು. “ನೀವೂ ಕರೆಯಲ್ಲ ಅಂತ ನಂಗೆ ಭಯ ಇತ್ತು. ಹತ್ತೋದನ್ನ ಹೇಗಾದ್ರೂ ಕಲಿಸಬಹುದು.”

ಡ್ರೈವರು ಎಡಗೈಯಲ್ಲಿ ಬಲ ಭುಜ ಮುಟ್ಟಿಕೊಂಡರು. ಆಮೇಲೆ, “ಭುಜ ಎಳೀತಿಲ್ಲ,” ಅಂದರು. ಡಾಕ್ಟರಿಗೂ ಅಷ್ಟು ನೇರವಾಗಿ ಹೇಳಿದವರಲ್ಲ.

“ಗೊತ್ತಾಯ್ತು. ಕೈ ಬೇಡ. ಕಾಲು ಗಟ್ಟಿಯಿದೆಯಲ್ಲ?”

“ಕಾಲಿಗೇನು, ಕಬ್ಬಿಣ.”

ಅವಳು ತೇಲುಗೊಳವೆಯ ಹಗ್ಗ ಬಿಚ್ಚಿ, ದೋಣಿಯ ಪಕ್ಕದ ಹಿಡಿಗೆ ಕಟ್ಟಿ, ತುದಿಗೊಂದು ಕುಣಿಕೆ ಹಾಕಿ ನೀರಿಗೆ ಇಳಿಬಿಟ್ಟಳು. “ಇದಕ್ಕೆ ಪಾದ ಕೊಡಿ. ಬಸ್ಸಿನ ಮೆಟ್ಟಿಲು ಅನ್ಕೊಳ್ಳಿ. ನಾನು ಆ ಕಡೆಯಿಂದ ದೋಣಿ ವಾಲದಂತೆ ಜೋತು ಬೀಳ್ತೀನಿ.”

ಮೊದಲ ಸಲ ಪಾದ ಜಾರಿತು. ಎರಡನೆಯ ಸಲ ಕುಣಿಕೆ ಅಂಗಾಲಿಗೆ ಸರಿಯಾಗಿ ಕೂತಿತು. ಆ ಕಡೆ ಅವಳ ಹತ್ತು ಬೆರಳು ಅಂಚನ್ನು ಅಮುಕಿ ಹಿಡಿದದ್ದು ಮಾತ್ರ ಕಾಣುತ್ತಿತ್ತು. ಡ್ರೈವರು ಕಾಲು ಒತ್ತಿ ನಿಂತರು. ನೀರು ಮೈಯಿಂದ ಧಾರೆಯಾಗಿ ಇಳಿಯಿತು. ಹೊಟ್ಟೆ ದೋಣಿಗೆ ಬಂತು. ಹೊರಳಿದರು, ಕೂತರು, ಕಾಲುಗಳನ್ನು ಒಳಗೆ ತಂದರು. ಸೀಟಿನಲ್ಲಿ ಕೂತು ಆಕಾಶ ನೋಡುತ್ತ ಬಾಯಿ ತೆರೆದು ಉಸಿರಾಡಿದರು.

“ಇನ್ನೂ ಒಂದ್ಸಲ ಬೀಳ್ತೀನಿ,” ಅಂದರು.

ಬಿದ್ದರು. ಕುಣಿಕೆಗೆ ಕಾಲು ಕೊಟ್ಟು ಹತ್ತಿದರು. ಈ ಸಲ ಅವಳು ಆ ಕಡೆಯ ಅಂಚಿನಿಂದ ಸದ್ದಿಲ್ಲದೆ ಕೈ ತೆಗೆದಿದ್ದಳು; ದೋಣಿ ತುಸು ಹೊಯ್ದಾಡಿದರೂ ಮಗುಚಲಿಲ್ಲ. ಹತ್ತಿ ಕೂತ ಮೇಲೆ ಅದು ಅವರ ಗಮನಕ್ಕೆ ಬಂತು.

“ಬಿಟ್ಟಿದ್ದೆಯಾ?”

“ಬಿಟ್ಟಿದ್ದೆ.”

ಡ್ರೈವರು ಅವಳನ್ನು ನೋಡಿದರು. ತುಟಿ ನೀಲಿಗಟ್ಟಿತ್ತು. ಬೆಳಗಿನಿಂದಲೂ ನೀರಿನಲ್ಲೇ ಇದ್ದಾಳೆ ಎಂದು ಆಗ ಹೊಳೆಯಿತು. “ಹತ್ತು ಮೇಲೆ. ದಡಕ್ಕೆ ಹೋಗೋಣ.”

“ಒಬ್ಬರಿಗೇ ಮಾಡಿರೋದು ಮಾವ, ಇಬ್ರು ಕೂತ್ರೆ ಇಬ್ರೂ ಕೆಳಗೆ. ನಾನು ಈಜ್ಕೊಂಡು ಬರ್ತೀನಿ.”

“ಈಜೋದೇನೂ ಬೇಡ. ಸುಸ್ತಾಗಿದೀಯ. ಹಿಂದುಗಡೆ ಹಿಡಿ ಇದೆಯಲ್ಲ, ಹಿಡ್ಕೋ.”

ಅವಳು ಒಂದು ಕ್ಷಣ ಯೋಚಿಸಿ, ದೋಣಿಯ ಹಿಂಬದಿಗೆ ಹೋಗಿ ಹಿಡಿಯನ್ನು ಹಿಡಿದು, ಕೊಳವೆಯನ್ನು ಬೆನ್ನ ಕೆಳಗೆ ಸರಿಸಿಕೊಂಡು ಅಂಗಾತ ಮಲಗಿದಳು. ಡ್ರೈವರು ತುಳಿಯತೊಡಗಿದರು. ಸ್ವಲ್ಪ ದೂರ ಹೋಗಿ ಹೆಗಲ ಮೇಲಿಂದ ತಿರುಗಿ ನೋಡಿದರೆ, ದೋಣಿಯ ಹಿಂದೆ ಏಳುತ್ತಿದ್ದ ನೀರು ಅವಳ ಗಲ್ಲಕ್ಕೆ ಸಿಡಿಯುತ್ತಿತ್ತು. ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಅವರು ಕಾಲಿನ ಒತ್ತಡ ಇಳಿಸಿದರು. ಮತ್ತೆ ನೋಡಿ, ಇನ್ನೂ ಇಳಿಸಿದರು. ದಡದಲ್ಲಿ ಹೆಂಡತಿ ಟವೆಲು ಎತ್ತಿ ಬೀಸುತ್ತ ಏನೋ ಕೂಗುತ್ತಿದ್ದಳು. ಅವರು ಸುಮ್ಮನಿರು ಎಂದು ಕೈ ಸನ್ನೆ ಮಾಡಿದರು.

ದೋಣಿ ಹೋಗುತ್ತಿದೆಯೋ ನಿಂತಿದೆಯೋ ತಿಳಿಯದಷ್ಟು ನಿಧಾನವಾಗಿ ನೀರು ಸರಿಯುತ್ತಿತ್ತು. ಬಿಚ್ಚಿಕೊಂಡ ಅವಳ ಕೂದಲು ಅದರ ಮೇಲೆ ಹರಡಿ ಹಿಂದೆ ಹಿಂದೆಯೇ ಬರುತ್ತಿತ್ತು.