ಮೂಲೆಯಿಂದ ಎದ್ದ ಚುಕ್ಕೆ

ಇಪ್ಪತ್ತಾರು ವರ್ಷಗಳಲ್ಲಿ ಮೊದಲ ಬಾರಿಗೆ ನಮ್ಮ ಅಂಗಡಿಯ ಕೊರೊಕ್ಕೆಯ, ಅಂದರೆ ಎಣ್ಣೆಯಲ್ಲಿ ಕರಿದ ಆಲೂಗಡ್ಡೆ ಕಟ್ಲೆಟ್ಟಿನ, ಬೆಲೆಯನ್ನು ಎಂಬತ್ತು ಯೆನ್‌ನಿಂದ ನೂರಕ್ಕೆ ಏರಿಸಿದ ದಿನ, ಗಿರಾಕಿಗಳ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ. ಹೆಂಡತಿ ಕಿನುಯೆ ಕ್ಷಮೆ ಕೋರುವ ಫಲಕ ತೂಗುಹಾಕಿದ್ದಳು. ಅದರ ಮುಂದೆ ಮೊದಲು ಬಂದು ನಿಂತವರು ಮೊಚಿಜುಕಿ ಸೆನ್ಸೇ, ಮಾತ್ಸುಮೊತೊದ ವಾಣಿಜ್ಯ ಶಾಲೆಯಲ್ಲಿ ನನಗೆ ಅರ್ಥಶಾಸ್ತ್ರ ಕಲಿಸಿದ ಮೇಷ್ಟ್ರು. ಈಗ ವಯಸ್ಸು ಎಪ್ಪತ್ತೆಂಟು.

ಬೈಸಿಕೊಳ್ಳಲು ತಲೆ ತಗ್ಗಿಸಿದೆ.

"ಏರಿಸಿಬಿಟ್ಯಾ ಶಿಗೆಯೊ? ಭೇಷ್!" ಎಂದು ಕೂಗಿದರು. "ಬ್ಯಾಂಕಿನೋರೂ ಏರಿಸಿದ್ದಾರೆ ಕಣೋ! ಲಕ್ಷಕ್ಕೆ ವರ್ಷಕ್ಕೆ ಒಂದು ಯೆನ್ ಬಡ್ಡಿ ಕೊಡ್ತಿದ್ದೋರು ಈಗ ಇನ್ನೂರು ಕೊಡ್ತಾರೆ!"

ಚೀಲದಿಂದ ಹಳದಿಗಟ್ಟಿದ ಗ್ರಾಫ್ ಹಾಳೆ ತೆಗೆದು ಗಲ್ಲಾದ ಮೇಲೆ ಹರಡಿದರು. ಅಡ್ಡಕ್ಕೆ ದೇಶದ ಹಣದುಬ್ಬರ, ಉದ್ದಕ್ಕೆ ಠೇವಣಿಯ ಬಡ್ಡಿ. ಅವರು ಕೆಲಸಕ್ಕೆ ಸೇರಿದಾಗಿನಿಂದ ವರ್ಷಕ್ಕೊಂದು ಚುಕ್ಕೆ. ಹಳೆಯವು ಮೇಲೆ, ಬಲಕ್ಕೆ ಚದುರಿದ್ದವು. ಆಮೇಲೆ ಎರಡೂ ಜೊತೆಜೊತೆಗೆ ಇಳಿದು, ಇಪ್ಪತ್ತೈದು ವರ್ಷ ಕೆಳಗಿನ ಮೂಲೆಯಲ್ಲಿ ಇರುವೆಗಳಂತೆ ಒತ್ತಿಕೊಂಡಿದ್ದವು.

"ಬೆಲೆ, ಬಡ್ಡಿ ಎರಡೂ ಸತ್ತೋಗಿವೆ ಸೆನ್ಸೇ ಅಂತ ಹುಡುಗ್ರು ನಗ್ತಿದ್ರು. ಮಲಗಿದ್ವು ಅಷ್ಟೇ, ಈಗ ಜೊತೆಗೇ ಏಳ್ತಿವೆ!"

ಸಾಲಿನಲ್ಲಿದ್ದ ಮೀನಂಗಡಿಯ ಓನುಮಾ ಅಜ್ಜ ರೇಗಿದ. "ಸಾಕು ಸುಮ್ನಿರಿ. ಕೊರೊಕ್ಕೆ ಬೆಲೆ ನೂರಕ್ಕೆ ಇಪ್ಪತ್ತೈದರಂತೆ ಏರ್ತು. ನನ್ನ ಠೇವಣಿಗೆ ನೂರಕ್ಕೆ ಕಾಲು ಯೆನ್ನೂ ಬರಲ್ಲ. ಇದ್ಯಾವ ಸೀಮೆ ಜೊತೆ?"

ಸೆನ್ಸೇಯವರ ಕಣ್ಣು ಹೊಳೆದವು. "ಕೇಳಿದ್ರಲ್ಲ, ಅದೇ ಪ್ರಶ್ನೆ! ಒಂದೆರಡು ವರ್ಷ ನೋಡಿದ್ರೆ ಜೊತೆ ಕಾಣಲ್ಲ. ಈಗ ನಿಮಗೆ ನಷ್ಟಾನೇ. ಆದ್ರೆ ಬೆಲೆ ಹೀಗೇ ಏರ್ತಾ ಹೋದ್ರೆ ಇಷ್ಟು ಬಡ್ಡಿಗೆ ದುಡ್ಡು ಯಾರು ಕೊಡ್ತಾರೆ? ಜಾಸ್ತಿ ಕೇಳೇ ಕೇಳ್ತಾರೆ. ಬಡ್ಡಿ ಏದುಸಿರು ಬಿಡ್ತಾ ಹಿಂದೆ ಬಂದೇ ಬರುತ್ತೆ."

"ನನಗೆ ಎಂಬತ್ತೊಂದು. ಸ್ವಲ್ಪ ಬೇಗ ಓಡಿ ಬಾ ಅನ್ನಿ ಅದಕ್ಕೆ!"

ಸಾಲೆಲ್ಲ ನಕ್ಕಿತು. ಸೆನ್ಸೇ ನನ್ನ ಕೈಗೆ ಪೆನ್ನು ಕೊಟ್ಟರು. "ಈ ವರ್ಷದ್ದು ನೀನಿಡು."

"ನಾನಾ? ಇದೇ ಪಾಠದ ಪ್ರಶ್ನೆಗೆ ನನಗೆ ಸೊನ್ನೆ ಹಾಕಿದ್ರಿ."

"ಅದಕ್ಕೇ ನೀನಿಡು."

ಎಣ್ಣೆ ಕೈ ಒರೆಸಿಕೊಂಡೆ. ಮೂರು ವರ್ಷಗಳಿಂದ ಚುಕ್ಕೆಗಳು ಬರೀ ಬಲಕ್ಕೆ ಸರಿದಿದ್ದವು. ಆ ಸಾಲಿನಲ್ಲಿ ತಳದ ಗೆರೆ ಬಿಟ್ಟು ಮೇಲೆದ್ದದ್ದು ಇದೇ ಮೊದಲು, ಅದೂ ಕೂದಲೆಳೆಯಷ್ಟು. ಅಳತೆ ನೋಡಿ ಚುಕ್ಕೆ ಇಟ್ಟೆ. ಯಾರೋ ಚಪ್ಪಾಳೆ ತಟ್ಟಿದರು.

ಸೆನ್ಸೇ ಬಗ್ಗಿ ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ ಇನ್ನೂರು ಯೆನ್ ಇಟ್ಟು ಎರಡು ಬಿಸಿ ಕೊರೊಕ್ಕೆ ಕಟ್ಟಿಸಿಕೊಂಡರು.

"ಎಲ್ಲಿಗೆ ಇಷ್ಟು ಅವಸರ?" ಎಂದಳು ಕಿನುಯೆ.

"ನಾಗಾನೋ ಊರಿಗಮ್ಮ. ಬೆಲೆ ಹಿಂದೆ ಬಡ್ಡಿ ಬರುತ್ತೆ ಅನ್ನೋದು ಜಪಾನಿಗೆ ಒಗ್ಗಲ್ಲ ಅಂತ ವಾದ ಮಾಡ್ತಿದ್ದ ಮೇಷ್ಟ್ರೊಬ್ರು ಇನ್ನೂ ಬದುಕಿದ್ದಾರೆ, ಅವರಿಗೆ ಈ ಚುಕ್ಕೆ ತೋರಿಸ್ಬೇಕು!"

ಹಾಳೆಯನ್ನು ಎದೆಗವಚಿಕೊಂಡು ರೈಲು ನಿಲ್ದಾಣದತ್ತ ಓಡಿದಂತೆಯೇ ನಡೆದರು.